ನಾಲ್ಕು ಗೇಣಿನ ಮೀಟರು

ನೀವು ಕಣ್ಣಾರೆ ನೋಡದ, ಕೈಯಾರೆ ಮುಟ್ಟಿ ಪರೀಕ್ಷಿಸದ ಎಷ್ಟು ವಸ್ತುಗಳಿಗೆ ಈವರೆಗೆ ‘ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ’ ಎಂದು ಹೊಣೆ ನಿಂತಿದ್ದೀರಿ? ಥಟ್ಟನೆ ‘ನಾನೇ? ಎಂದಿಗೂ ಇಲ್ಲ’ ಎನ್ನಬೇಡಿ. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರುತ್ತದೆಂಬುದು ನಿಮಗೂ ಗೊತ್ತು. ಜಾರಿದ ಮೇಲೆ ಅದು ಯಾರ ಮನೆಯ ಯಾವ ಮೇಜಿನಿಂದ ಬಿದ್ದು ಚೂರಾಯಿತು ಎಂದು ವಿಚಾರಿಸಲು ನಮ್ಮಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ ಎಂಬುದೂ ಗೊತ್ತು. ಬಳಕೆದಾರರ ಸಂಘದ ಮಾಸಪತ್ರಿಕೆಗೆ ಸಾಮಾನು ಪರೀಕ್ಷಿಸಿ ಬರೆಯುತ್ತಿದ್ದ ನಿವೃತ್ತ ಭೌತಶಾಸ್ತ್ರದ ಮೇಷ್ಟರಿಗಂತೂ ಅದು ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಓದುಗರು ಅವರನ್ನು ಪ್ರೀತಿಯಿಂದಲೂ ಅಂಗಡಿಯವರು ಹಲ್ಲು ಕಡಿಯುತ್ತಲೂ ‘ತಕ್ಕಡಿ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಇಸ್ತ್ರಿಪೆಟ್ಟಿಗೆಯಿಂದ ಕೊಡೆಯವರೆಗೆ ಅವರ ಬೈಗುಳ ತಿನ್ನದ ವಸ್ತುವಿರಲಿಲ್ಲ. ಅವರು ‘ತೇರ್ಗಡೆ’ ಎಂದು ಬರೆದರೆ ಜನ ಎರಡನೆಯ ಮಾತಿಲ್ಲದೆ ಕೊಳ್ಳುತ್ತಿದ್ದರು.

ಆ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಸಿದ ಹಳೆಯ ಟವೆಲ್ಲಿನ ನಡುವೆ ಕೂತಿದ್ದದ್ದು ಅಂಗೈಯಗಲದ ಒಂದು ಡಿಜಿಟಲ್ ಕ್ಯಾಮೆರಾ. ಅಗ್ಗದ್ದು, ಅಗ್ಗದ್ದೆಂದು ಒಪ್ಪಿಕೊಳ್ಳಲು ನಾಚಿ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡದ್ದು. ಉಗುರಿನಿಂದ ಕೆರೆದರೆ ಕೆಳಗೆ ಬೂದು ಪ್ಲಾಸ್ಟಿಕ್ಕು ಇಣುಕುತ್ತಿತ್ತು. ಗುಂಡಿ ಒತ್ತಿದೊಡನೆ ಅದರ ಮಸೂರ, ಎದ್ದ ಕೂಡಲೇ ಗಂಟಲು ಸರಿಮಾಡಿಕೊಳ್ಳುವ ಮುದುಕನ ಹಾಗೆ, ಮೂರು ಕಂತಿನಲ್ಲಿ ಸದ್ದು ಮಾಡುತ್ತಾ ಹೊರಬರುತ್ತಿತ್ತು. ಗುಂಡಿ ಒತ್ತಿದ್ದಕ್ಕೂ ಚಿತ್ರ ಮೂಡಿದ್ದಕ್ಕೂ ನಡುವೆ ಒಂದು ಸಣ್ಣ ಸೋಮಾರಿತನವಿತ್ತು. ನಗುವವರನ್ನು ಹಿಡಿಯಹೋದರೆ ನಕ್ಕು ಮುಗಿಸಿ ಬೇಸರಗೊಂಡವರು ಸಿಗುತ್ತಿದ್ದರು. ಬಿಸಿಲಿಗೆ ಹಿಡಿದರೆ ಹಿಂಬದಿಯ ಪರದೆಯಲ್ಲಿ ಮೇಷ್ಟರ ಮೂಗಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಇಪ್ಪತ್ತು ಪಟ್ಟು ಹತ್ತಿರ ತರುತ್ತೇನೆಂದು ಡಬ್ಬಿ ಕೊಚ್ಚಿಕೊಳ್ಳುತ್ತಿತ್ತು. ಮಸೂರ ನಿಜವಾಗಿ ತರುತ್ತಿದ್ದದ್ದು ನಾಲ್ಕು ಪಟ್ಟು; ಮಿಕ್ಕಿದ್ದು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಗಂಜಿ ಮಾಡುವ ಮೋಸ. ಈ ಮೋಸ ಬಯಲಾದಾಗ ಮೇಷ್ಟರಿಗೆ, ಪರೀಕ್ಷೆಯಲ್ಲಿ ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡವನನ್ನು ಹಿಡಿದಾಗ ಬರುತ್ತಿದ್ದ ಪವಿತ್ರವಾದ ಕೋಪವೇ ಬಂದಿತ್ತು. ಫ್ಲಾಶು ಮಸೂರಕ್ಕೆ ಅಂಟಿಕೊಂಡಂತಿದ್ದುದರಿಂದ ಹೆಂಡತಿಯ ಚಿತ್ರದಲ್ಲಿ ಎರಡು ಕಣ್ಣೂ ಕೆಂಡದುಂಡೆಗಳಾಗಿದ್ದವು. “ಇದು ಫ್ಲಾಶಿನ ದೋಷ,” ಎಂದು ಅವರು ಸಮಾಧಾನ ಹೇಳಿದ್ದರು. “ಅದನ್ನ ಯಾಕೆ ಬೈತೀರಿ? ನಿಮ್ಮನ್ನ ನೋಡುವಾಗ ನನ್ನ ಕಣ್ಣು ಇರೋದೇ ಹಾಗೆ,” ಎಂದಿದ್ದಳು ಹೆಂಡತಿ. ಪೆನ್ಸಿಲ್ ಸೆಲ್ಲು ಕೂರುವ ಗೂಡಿನ ಬಾಗಿಲಿಗೆ ಇದ್ದದ್ದು ಉಗುರಿನಷ್ಟು ತೆಳುವಾದ ಕೊಂಡಿ. ಅದನ್ನು ಮೇಷ್ಟರು ಹಿಂದಿನ ಸಂಜೆಯಿಡೀ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿ, “ಅದಕ್ಕೆ ದವಡೆ ನೋವು ಬರಲ್ವೇನ್ರೀ?” ಎಂದು ಒಳಗಿದ್ದ ಹೆಂಡತಿಯಿಂದ ಕೇಳಿಸಿಕೊಂಡಿದ್ದರು. ಎಲ್ಲವೂ ಮುಗಿದಿತ್ತು. ಉಳಿದದ್ದು ಡಬ್ಬಿಯ ಮೂಲೆಯಲ್ಲಿ ಕೆಂಪು ವೃತ್ತದೊಳಗಿದ್ದ ಒಂದೇ ಸಾಲು: ‘ಒಂದು ಮೀಟರ್ ಎತ್ತರದಿಂದ ಬಿದ್ದರೂ ಕೆಡದು.’

ಇಂಥ ಸಾಲುಗಳ ವಿಷಯದಲ್ಲಿ ಮೇಷ್ಟರಿಗೆ ಒಂದು ಪದ್ಧತಿಯಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿ, ಹಾಸಿಗೆಯಿಂದ ಒಂದು ಗೇಣು ಎತ್ತರದಲ್ಲಿ ಕ್ಯಾಮೆರಾವನ್ನು ಹಿಡಿದು, ಉಸಿರು ಬಿಗಿಹಿಡಿದು ಬಿಡುತ್ತಿದ್ದರು. ಅದು ಮೆತ್ತಗೆ ಹತ್ತಿಯಲ್ಲಿ ಹೂತುಕೊಳ್ಳುತ್ತಿತ್ತು. ಹೀಗೆ ನಾಲ್ಕು ಬಾರಿ. ಅವರ ಗೇಣು ದೊಡ್ಡದು. ನಾಲ್ಕು ಗೇಣು ಕೂಡಿದರೆ ಒಂದು ಮೀಟರು, ಬಿದ್ದ ಒಟ್ಟು ದೂರ ಒಂದು ಮೀಟರು, ಆದ್ದರಿಂದ ತೇರ್ಗಡೆ. ಇದೇ ಲೆಕ್ಕವನ್ನು ಯಾವನಾದರೂ ವಿದ್ಯಾರ್ಥಿ ಬರೆದಿದ್ದರೆ ಅವನಿಗೆ ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯ ತಾನು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆರಳು ಬಿಡಿಸಬೇಕಲ್ಲ? ನೆಟ್ಟಗೆ ನಿಂತು, ಕೆಳಗೆ ಬರಿಯ ನೆಲವಿದೆಯೆಂದು ತಿಳಿದೂ, ಕೈಯಲ್ಲಿರುವ ಒಂದು ಹೊಚ್ಚಹೊಸ ವಸ್ತುವನ್ನು ಬೇಕೆಂದೇ ಬಿಡುವುದು! ಬೆರಳುಗಳು ಒಪ್ಪುತ್ತಿರಲಿಲ್ಲ. ಅವರು ಚಿಕ್ಕ ಹುಡುಗನಾಗಿದ್ದಾಗ ಮನೆಯ ಥರ್ಮಾಸು ಕೈಯಿಂದ ಜಾರಿದಾಗ ಹೊರಗೆ ಒಂದು ಗೀರೂ ಬಿದ್ದಿರಲಿಲ್ಲ. ಹಸಿರು ಬಣ್ಣದ ತಗಡಿನ ಮೈ, ಅದರ ಮೇಲೆ ಎರಡು ಹಕ್ಕಿ, ಎಲ್ಲ ಇದ್ದ ಹಾಗೇ ಇತ್ತು. ಅಲುಗಿಸಿದರೆ ಮಾತ್ರ ಒಳಗಿನಿಂದ ಕಿಣಿಕಿಣಿ ಎನ್ನುತ್ತಿತ್ತು. ಅಲುಗಿಸದಿದ್ದರೆ ಏನೂ ಆಗಿಲ್ಲವೆಂದೇ ಲೆಕ್ಕ ಎಂದುಕೊಂಡು ಆ ಹುಡುಗ ಅದನ್ನು ದೇವರ ಪೆಟ್ಟಿಗೆಯಂತೆ ಎರಡು ಕೈಯಲ್ಲಿ ಹೊತ್ತು ಸ್ವಸ್ಥಾನದಲ್ಲಿಟ್ಟು ಬಂದಿದ್ದ. ಅಪ್ಪ ಬಿಸಿ ಹಾಲು ಬಗ್ಗಿಸಿಕೊಂಡಾಗ ಲೋಟದಲ್ಲಿ ಬೆಳ್ಳಿ ಚೂರುಗಳು ಬಂದವು. ಅಪ್ಪ ಹೊಡೆಯಲಿಲ್ಲ. “ಕೈಗೇನು ತೂತು ಬಿದ್ದಿದೆಯೇನೋ?” ಎಂದು ಕೇಳಿ, ಬಂದ ನೆಂಟರೆದುರಿಗೆಲ್ಲ ಹುಡುಗನ ಅಂಗೈ ಬಿಡಿಸಿ, ತೂತು ಎಲ್ಲಿದೆಯೆಂದು ಹುಡುಕಿ ತೋರಿಸುತ್ತಿದ್ದರು. ನೆಂಟರು ನಗುತ್ತಿದ್ದರು. ಆ ದಿನದಿಂದ ಮೇಷ್ಟರ ಕೈಯಿಂದ ಒಂದು ಚಮಚವೂ ಬಿದ್ದದ್ದಿಲ್ಲ.

ಹಿಂದಿನ ದಿನ ಸಂಘದ ಕಚೇರಿಗೆ ಬಂದಾಕೆಯೂ ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ, ಗಾಯಗೊಂಡ ಗುಬ್ಬಚ್ಚಿಯನ್ನು ತರುವಂತೆ ಎರಡು ಕೈಯಲ್ಲಿ ತಂದಿದ್ದಳು. ಎರಡು ಬೀದಿಯಾಚೆ ಅತ್ತೆಯ ಜೊತೆ ಸಲೂನು ನಡೆಸುವವಳು. ಯಾವ ತಲೆಗೆ ಯಾವ ಹೇರ್‌ಕಟ್ಟು ಒಪ್ಪುತ್ತದೆಂದು ಗಿರಾಕಿಗಳಿಗೆ ಚಿತ್ರ ತೆಗೆದು ತೋರಿಸಲು ಹೋದ ವರ್ಷ ಮೇಷ್ಟರು ತೇರ್ಗಡೆ ಮಾಡಿದ ಕ್ಯಾಮೆರಾವನ್ನೇ ಕೊಂಡಿದ್ದಳು. ಅದರ ಮೈಮೇಲೆ ಗೀರಿರಲಿಲ್ಲ. ಅಲುಗಿಸಿದರೆ ಕಿಣಿಕಿಣಿ ಎಂದಿತು.

“ತಪ್ಪು ನನ್ನದೇ ಸಾರ್, ಬೈದ್ರೂ ಬೈಸ್ಕೋತೀನಿ,” ಎಂದಳು ಸಲೂನಿನವಳು. “ಒಂದೇ ಒಂದು ಕೇಳ್ಬೇಕಿತ್ತು. ಇದನ್ನ ಯಾವ ಮಗ್ಗುಲಾಗಿ ಬೀಳಿಸಬೇಕಿತ್ತು?”

“ಅಂದರೆ?”

“ಮೇಜಿನ ಮೇಲಿಂದ ಬಿತ್ತು ಸಾರ್. ಮೇಜು ಅಳೆದು ನೋಡಿದೆ, ಮೀಟರಿಗೆ ಕಡಿಮೆನೇ ಇದೆ. ನೀವು ಬೀಳಿಸಿದಾಗ ಒಡೀಲಿಲ್ಲ. ನಾನು ಬೀಳಿಸಿದೆ, ಒಡೀತು. ಅಂದ್ರೆ ಬೀಳಿಸೋದ್ರಲ್ಲೇ ಏನೋ ಇದೆ ಅಲ್ವಾ?”

ಇಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಏನು ಹೇಳಬೇಕೆಂಬುದರಲ್ಲಿ ಎರಡು ಅಭಿಪ್ರಾಯ ಸಾಧ್ಯವಿಲ್ಲ. ಮೇಷ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಸಾಮಾನ್ಯವಾಗಿ,” ಎಂದರು, “ಅಡಿ ಕೆಳಗಾಗಿ.”

“ಅದೇ ನೋಡಿ! ನಂದು ಮೂತಿ ಕೆಳಗಾಗಿ ಬಿತ್ತು,” ಎಂದು ಆಕೆ ಕೃತಜ್ಞತೆಯಿಂದ ತಲೆಯಾಡಿಸಿದಳು. ಆಮೇಲೆ ದನಿ ತಗ್ಗಿಸಿದಳು. “ಅತ್ತೆ ಕ್ಷೌರದ ಕತ್ತಿ ಎತ್ತಿ ಮೇಲಿನ ಗೂಡಲ್ಲಿ ಇಟ್ಟುಬಿಟ್ಟಿದ್ದಾರೆ ಸಾರ್. ಒಡೆಯದೇ ಇರೋ ವಸ್ತುನೇ ಒಡೆದ ಕೈಗೆ ಒಬ್ಬರ ಕುತ್ತಿಗೆ ಹೆಂಗೆ ಒಪ್ಪಿಸೋದು ಅಂತಾರೆ. ಅವರಿಗೆ ಕಣ್ಣು ಮಂಜು, ಅವರು ಮಾಡೋ ಹಾಗಿಲ್ಲ. ನಾನು ಮುಟ್ಟೋ ಹಾಗಿಲ್ಲ. ಗಡ್ಡದವರೆಲ್ಲ ಎದುರುಗಡೆ ಅಂಗಡಿಗೆ ಹೋಗ್ತಾ ಇದ್ದಾರೆ. ನಂಗೂ ಈಗ ಅನುಮಾನ ಸಾರ್. ಬೆಳಿಗ್ಗೆ ಎದ್ದು ಕೈ ಚಾಚಿ ನೋಡ್ಕೋತೀನಿ, ನಡುಗ್ತಾ ಇದೆಯಾ ಅಂತ. ನೋಡ್ತಾ ಇದ್ರೆ ನಡುಗಿದ ಹಾಗೇ ಕಾಣುತ್ತೆ.” ಹೊಸ ಕ್ಯಾಮೆರಾ ಒಂದರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೀರಂತೆ ಎಂದಳು. ನೀವು ಹೂಂ ಎಂದರೆ ಅದನ್ನೇ ತಂದು ಅತ್ತೆಯ ಕಣ್ಣೆದುರಿಗೇ ಬೀಳಿಸಿ ತೋರಿಸುತ್ತೇನೆ ಎಂದಳು. “ಅಡಿ ಕೆಳಗಾಗಿ,” ಎಂದು ತಾನೇ ನೆನಪಿಸಿಕೊಂಡು ನಮಸ್ಕಾರ ಮಾಡಿ ಹೋದಳು.

ಈಗ ಟವೆಲ್ಲಿನ ಮೇಲಿನ ಕ್ಯಾಮೆರಾ ಮೇಷ್ಟರನ್ನು ನೋಡುತ್ತಿತ್ತು. ಫೋನಿನಲ್ಲಿ ಸಂಪಾದಕರು ಸಂಜೆಯೊಳಗೆ ಪುಟ ಬೇಕೆಂದರು. “ಬೀಳೋದೊಂದು ಬಾಕಿ ಇದೆ,” ಎಂದರು ಮೇಷ್ಟರು. “ನೀವು ಬೀಳಿಸಿದ್ದು ಎಂದಾದ್ರೂ ಕೆಟ್ಟಿದೆಯಾ ಮೇಷ್ಟ್ರೇ? ನಿಮ್ಮ ಹೆಸರಿದ್ರೆ ಸಾಕು,” ಎಂದು ಸಂಪಾದಕರು ನಕ್ಕು ಫೋನಿಟ್ಟರು. ಹೊಗಳಿಕೆಯಂಥ ಕಪಾಳಮೋಕ್ಷ ಇನ್ನೊಂದಿಲ್ಲವೆಂಬುದು ಮೇಷ್ಟರಿಗೆ ಆ ವಯಸ್ಸಿನಲ್ಲಿ ತಿಳಿಯಿತು. ಕಾಲುಗಳು ಅಭ್ಯಾಸಬಲದಿಂದ ಮಲಗುವ ಕೋಣೆಗೆ ನಡೆದವು. ಗೇಣು ಅಳೆದಾಗಿತ್ತು, ಕ್ಯಾಮೆರಾ ಹಾಸಿಗೆಯ ಮೇಲೆ ತೂಗುತ್ತಿತ್ತು. ಆಗ ಒಗೆದ ಹೊದಿಕೆಗಳ ಹೊರೆಯೊಡನೆ ಹೆಂಡತಿ ಬಾಗಿಲು ತಳ್ಳಿಕೊಂಡು ಬಂದಳು.

“ಏನ್ರೀ ಇದು, ಮಗು ಮಲಗಿಸ್ತಾ ಇದ್ದೀರಾ? ಜೋಗುಳ ಹಾಡಲಾ?”

ಮೇಷ್ಟರು ಸಿಕ್ಕಿಬಿದ್ದವರಂತೆ ಕೈ ಹಿಂದೆಳೆದುಕೊಂಡರು. ಆಮೇಲೆ ಒಂದು ಉಪಾಯ ಹೊಳೆದು, ವಿಜ್ಞಾನದ ದನಿಯಲ್ಲಿ ಹೇಳಿದರು. “ನೋಡೇ, ಇದನ್ನ ಸ್ವಲ್ಪ ಹಿಡ್ಕೊ. ಹಾಗೇ ನೆಲಕ್ಕೆ ಬಿಡು. ಪರೀಕ್ಷಕನೇ ಬಿಟ್ಟರೆ ಪಕ್ಷಪಾತ ಆಗುತ್ತೆ. ಬೇರೆಯವರ ಕೈ ಬೇಕು.”

“ನಾನು ಬೀಳಿಸಬೇಕಾ? ನಾನು?” ಹೆಂಡತಿ ಹೊರೆಯನ್ನು ಹಾಸಿಗೆಯ ಮೇಲೆ ಒಗೆದಳು. “ಮದುವೆಯಾದ ಹೊಸದ್ರಲ್ಲಿ ಒಂದು ಗಾಜಿನ ಜಗ್ಗು ಬೀಳಿಸಿದೆ. ಕೈಗೇನು ತೂತು ಬಿದ್ದಿದೆಯಾ ಅಂತ ಕೇಳಿದ್ರಿ. ನಮ್ಮಮ್ಮ ಬಂದಾಗ ಕೇಳಿದ್ರಿ, ನಮ್ಮಣ್ಣ ಬಂದಾಗ ಕೇಳಿದ್ರಿ, ಹೋದ ವಾರ ಪೈಪು ಸರಿಮಾಡೋಕೆ ಬಂದೋನಿಗೂ ಹೇಳಿದ್ರಿ. ಇನ್ನು ಇದನ್ನ ಬೀಳಿಸಿ ನಾನು ಮುಂದಿನ ಜನ್ಮಕ್ಕೂ ಸಾಮಗ್ರಿ ಒದಗಿಸಿಕೊಡಲಾ? ನಿಮ್ಮ ಕೈ, ನಿಮ್ಮ ನೆಲ. ಬೀಳಿಸ್ಕೊಳ್ಳಿ.”

“ಅದು ತಮಾಷೆಗೆ ಹೇಳಿದ್ದು ಕಣೇ.”

“ನಗು ಬಂದಿದ್ದು ಕೇಳಿಸಿಕೊಂಡವರಿಗೆ,” ಎಂದು ಹೇಳಿ ಅವಳು ಹೊದಿಕೆಯ ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು.

ಮೇಷ್ಟರು ಕ್ಯಾಮೆರಾವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬೀದಿಗಿಳಿದರು. ಹೊರಗೆ ನೆಲ ಬೇಕಾದಷ್ಟಿತ್ತು. ಸಿಮೆಂಟಿನ ನೆಲ, ಕಲ್ಲಿನ ನೆಲ, ಡಾಂಬರಿನ ನೆಲ, ಔಷಧದಂಗಡಿಯ ಮುಂದಿನ ನುಣುಪಾದ ಮೆಟ್ಟಿಲು. ಜೀವಮಾನವಿಡೀ ಅವರು ಇಷ್ಟೊಂದು ನೆಲವನ್ನು ನೋಡಿರಲಿಲ್ಲ. ಮೆಟ್ಟಿಲ ಬಳಿ ನಿಂತು ಹೊರತೆಗೆದರು. ಎದೆಯ ಮಟ್ಟಕ್ಕೆ ಹಿಡಿದರು. ಇದು ಕೇವಲ ಗುರುತ್ವಾಕರ್ಷಣೆ, ಎಂದು ತಮಗೆ ತಾವೇ ಪಾಠ ಹೇಳಿಕೊಂಡರು. ನಾನು ಮಾಡಬೇಕಾದದ್ದೇನೂ ಇಲ್ಲ, ಮಾಡುವುದನ್ನು ನಿಲ್ಲಿಸಿದರಾಯಿತು. ಹೆಬ್ಬೆರಳು ಒಪ್ಪಿತು. ತೋರುಬೆರಳು ಒಪ್ಪಿತು. ಕಿರುಬೆರಳು ಮಾತ್ರ ಕ್ಯಾಮೆರಾದ ದಾರದಲ್ಲಿ ಸಿಕ್ಕಿಕೊಂಡು ಹಟ ಹಿಡಿಯಿತು. ಅದನ್ನೂ ಬಿಡಿಸುವ ಹೊತ್ತಿಗೆ ಅಂಗಡಿಯಿಂದ ಹೊರಬರುತ್ತಿದ್ದ ದಪ್ಪ ಮನುಷ್ಯನೊಬ್ಬ, ಅಷ್ಟು ದಪ್ಪವಿರುವವರಿಂದ ಯಾರೂ ನಿರೀಕ್ಷಿಸದ ಚುರುಕಿನಿಂದ ಬಗ್ಗಿ, ಬೀಳುತ್ತಿದ್ದ ಕ್ಯಾಮೆರಾವನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದುಬಿಟ್ಟ! ಸುತ್ತಲಿದ್ದವರು ಹೋ ಎಂದರು. “ಹುಷಾರು ಯಜಮಾನ್ರೇ,” ಎಂದು ಅವನು ಏದುಸಿರು ಬಿಡುತ್ತಾ ಅದನ್ನು ಮೇಷ್ಟರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದ. “ವಯಸ್ಸಾದ ಮೇಲೆ ದಾರ ಕುತ್ತಿಗೆಗೆ ಹಾಕ್ಕೋಬೇಕು.” ಹೀಗೆ, ತಮ್ಮ ಜೀವನದ ಮೊಟ್ಟಮೊದಲ ನಿಜವಾದ ಪರೀಕ್ಷೆಯನ್ನು ಕೆಡಿಸಿದವನಿಗೆ ಮೇಷ್ಟರು ಎಲ್ಲರೆದುರಿಗೆ ಧನ್ಯವಾದ ಹೇಳಬೇಕಾಯಿತು. ದಾರವನ್ನು ಕುತ್ತಿಗೆಗೂ ಹಾಕಿಕೊಳ್ಳಬೇಕಾಯಿತು, ಏಕೆಂದರೆ ಅವರು ಹಾಕಿಕೊಳ್ಳುವ ತನಕ ಅವನು ಅಲ್ಲಿಂದ ಕದಲಲಿಲ್ಲ. ಆ ದಾರ ಕೈಗೆಂದು ಮಾಡಿದ್ದು. ಕಿವಿಗಳನ್ನು ದಾಟುವುದೇ ಕಷ್ಟವಾಯಿತು. ಗಲ್ಲದ ಕೆಳಗೆ ಕ್ಯಾಮೆರಾವನ್ನು ಗಂಟೆಯಂತೆ ತೂಗುಹಾಕಿಕೊಂಡು ನಡೆಯುತ್ತಾ ಅವರು ತಮ್ಮ ಕಾಲುಗಳು ಎರಡು ಬೀದಿ ದಾಟಿ ಸಲೂನಿನ ಮುಂದೆ ನಿಂತಿರುವುದನ್ನು ಕಂಡರು.

ಒಳಗೆ ಸೋಪಿನ ನೊರೆಯ, ಒದ್ದೆ ಟವೆಲ್ಲಿನ ವಾಸನೆ. ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದ ಇಬ್ಬರು ಗಿರಾಕಿಗಳು. ಮೂಲೆಯಲ್ಲಿ ಟವೆಲ್ಲು ಮಡಿಸುತ್ತಾ, ಮಂಜುಗಣ್ಣನ್ನು ಬಾಗಿಲಿಗೇ ನೆಟ್ಟು ಕೂತಿದ್ದ ಅತ್ತೆ. ಮೇಷ್ಟರು ಬಂದ ಕೆಲಸ ಹೇಳಬೇಕೆನ್ನುವಷ್ಟರಲ್ಲಿ ಸಲೂನಿನವಳು “ಬನ್ನಿ ಬನ್ನಿ ಸಾರ್!” ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ, ಕತ್ತರಿ ಎತ್ತಿಕೊಂಡಾಗಿತ್ತು. “ಅತ್ತೆ, ನೋಡಿ ಯಾರು ಬಂದಿದ್ದಾರೆ. ತಕ್ಕಡಿ ಮೇಷ್ಟ್ರು!” ಅತ್ತೆ ಎದ್ದು ನಿಂತಳು. ಬೆಂಚಿನವರೂ ಪತ್ರಿಕೆ ತಗ್ಗಿಸಿದರು. ಕನ್ನಡಿಯಲ್ಲಿ ಮೇಷ್ಟರಿಗೆ ತಮ್ಮ ತಲೆ ಮಾತ್ರ ಕಾಣುತ್ತಿತ್ತು. ಉಳಿದ ಮೈಯೆಲ್ಲ ಬಿಳಿ ಗುಡ್ಡ. ಬೆಂಚಿನ ಮೇಲೆ ನಿಂತ ಹುಡುಗರಿಗೆ ಹೀಗೇ ಅನಿಸುತ್ತಿತ್ತೇನೋ, ತಲೆಯೊಂದೇ ತಾವು ಎಂದು. ಕತ್ತರಿ ಎಡಗಿವಿಯ ಸುತ್ತ ಕಚಕಚ ಎನ್ನತೊಡಗಿತು. ಎಡಭಾಗ ಪೂರ್ತಿಯಾಗುವ ಹೊತ್ತಿಗೆ ಅವರು ಕನ್ನಡಿಗೆ ಹೇಳಿದರು:

“ನಾನು ಬೀಳಿಸಿ ನೋಡಿಲ್ಲ.”

“ಏನು ಸಾರ್?”

“ಆ ಕ್ಯಾಮೆರಾನ. ಯಾವ ಕ್ಯಾಮೆರಾನೂ. ನೆಲದ ಮೇಲೆ ಬೀಳಿಸಿಲ್ಲ. ಹಾಸಿಗೆ ಮೇಲೆ, ಒಂದು ಗೇಣು ಎತ್ತರದಿಂದ, ನಾಲ್ಕು ಸಲ. ಅದನ್ನ ಕೂಡಿಸಿ ಒಂದು ಮೀಟರು ಅಂತ ಬರೆದೆ. ಅಡಿ ಕೆಳಗಾಗಿ ಅಂದದ್ದೂ ಸುಳ್ಳು. ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ.”

ಕತ್ತರಿ ನಿಂತಿತು. ಬೆಂಚಿನವನೊಬ್ಬ “ಹಾಸಿಗೆ ಮೇಲಾ?” ಎಂದು ಕಿಸಕ್ಕೆಂದ. ಸಲೂನಿನವಳು ಕನ್ನಡಿಯಲ್ಲಿ ಮೇಷ್ಟರನ್ನು ದಿಟ್ಟಿಸಿದಳು. ಅವಳ ಮುಖ ಮೊದಲು ಹಗುರವಾದದ್ದೂ ಆಮೇಲೆ ಬಿಸಿಯಾದದ್ದೂ ಅವರಿಗೆ ಸ್ಪಷ್ಟವಾಗಿ ಕಂಡಿತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಅತ್ತೆ ಮಾತಾಡಿದಳು.

“ಎಂಥಾ ದೊಡ್ಡ ಗುಣ ನಿಮ್ದು ಮೇಷ್ಟ್ರೇ! ಇವಳು ನಿಮ್ಮ ಹತ್ರ ಬಂದು ಅತ್ತಿದ್ದಾಳೆ, ಅಲ್ವಾ? ಪಾಪ, ಇವಳನ್ನ ಉಳಿಸೋಕೆ ನಿಮ್ಮ ಹೆಸರನ್ನೇ ಕೆಡಿಸ್ಕೋತಾ ಇದ್ದೀರಿ.”

“ಇಲ್ಲಮ್ಮ, ನಿಜವಾಗಲೂ...”

“ಸುಮ್ನಿರಿ. ಪೇಪರಿನಲ್ಲಿ ಬಂದದ್ದು ಸುಳ್ಳಾಗುತ್ತಾ?”

ಮೇಷ್ಟರಿಗೆ ದಿಗ್ಭ್ರಮೆಯಾಯಿತು. ತಾವು ಆಡಿದ ಸುಳ್ಳನ್ನೆಲ್ಲ ಜನ ನಂಬಿದರು. ಈಗ, ಇಷ್ಟು ಕಷ್ಟಪಟ್ಟು ಗಂಟಲಿನಿಂದ ಕಿತ್ತು ತೆಗೆದ ನಿಜವನ್ನು ಒಬ್ಬರೂ ತೆಗೆದುಕೊಳ್ಳುವುದಿಲ್ಲವೆ? ಸತ್ಯ ಹೇಳುವವನಿಗೆ ಕನಿಷ್ಠ ಒಂದು ಅವಮಾನದ ಹಕ್ಕಾದರೂ ಬೇಡವೆ? ಅವರು ಬಟ್ಟೆ ಸಮೇತ ಎದ್ದು ನಿಂತರು. ಎಡಕ್ಕೆ ಕತ್ತರಿಸಿದ, ಬಲಕ್ಕೆ ಕೆದರಿದ ತಲೆಯಲ್ಲಿ, ದಾರವನ್ನು ಕಿವಿಗಳ ಮೇಲಿಂದ ಎಳೆದು ತೆಗೆದು, ಕ್ಯಾಮೆರಾವನ್ನು ಮುಂದೆ ಚಾಚಿದರು.

“ತಡೀರಿ,” ಎಂದಳು ಸಲೂನಿನವಳು. ಮೂಲೆಯಿಂದ ಪೊರಕೆ ತಂದು ಕುರ್ಚಿಯ ಸುತ್ತ ಬಿದ್ದಿದ್ದ ಕೂದಲನ್ನೆಲ್ಲ ಒತ್ತಿ ಗುಡಿಸಿದಳು. “ಕೂದಲ ಮೇಲೆ ಬಿದ್ರೆ ಮತ್ತೆ ಹಾಸಿಗೆ ಮೇಲೆ ಬಿದ್ದ ಹಾಗೇ ಆಗುತ್ತೆ ಸಾರ್. ಈಗ ಬಿಡಿ.”

ನೆಲ ಬರಿದಾಗಿ ಹೊಳೆಯುತ್ತಿತ್ತು. ಎಲ್ಲರೂ ಅವರ ಅಂಗೈಯನ್ನೇ ನೋಡುತ್ತಿದ್ದರು. ನೆಂಟರು ನೋಡುತ್ತಿದ್ದರು, ಅಪ್ಪ ಬೆರಳು ಬಿಡಿಸುತ್ತಿದ್ದರು, ಎಲ್ಲಿದೆಯಪ್ಪ ತೂತು, ಇಲ್ಲಿದೆಯಾ, ಇಲ್ಲಾ ಇಲ್ಲಿದೆಯಾ. ಮೇಷ್ಟರು ಕಣ್ಣು ಮುಚ್ಚಿದರು. ಟಪ್ಪೆಂಬ ಸದ್ದು ಕೇಳಿತು. ತಾವೇ ಬಿಟ್ಟದ್ದೆಂದು ಆಮೇಲೆ ತಿಳಿಯಿತು. ಕಣ್ಣು ಬಿಟ್ಟರೆ ಕ್ಯಾಮೆರಾ ಮಗುಚಿ ಬಿದ್ದಿತ್ತು. ಬೆಂಚಿನವನು ಎತ್ತಿಕೊಟ್ಟ. ಗುಂಡಿ ಒತ್ತಿದರು. ಮಸೂರ ಗಂಟಲು ಸರಿಮಾಡಿಕೊಳ್ಳುತ್ತಾ ಹೊರಬಂತು. ಪರದೆ ಬೆಳಗಿತು. ಬೆಂಚಿನವನ ಹಲ್ಲುಗಳು ಪರದೆಯಲ್ಲಿ ಮೂಡಿದವು.

ಮೇಷ್ಟರಿಗೆ ಸಂತೋಷದಿಂದ ಕಣ್ಣು ತುಂಬಿಬಂತು. ಅತ್ತೆ ಅದನ್ನು ಒಂದು ಕ್ಷಣವೂ ಉಳಿಯಗೊಡಲಿಲ್ಲ. “ನೋಡಿದ್ಯಾ?” ಎಂದು ಸೊಸೆಯ ಕಡೆ ತಿರುಗಿದಳು. “ಅವರು ಬೀಳಿಸಿದ್ರೆ ಒಡೆಯಲ್ಲ. ಬರೆದದ್ದು ಸರಿಯಾಗೇ ಇದೆ. ಇನ್ನೇನು ಉಳೀತು ಹೇಳು, ನಿನ್ನ ಕೈಯೊಂದೇ.”

“ನಂಗೆ ಕೊಡಿ ಅದನ್ನ!” ಎಂದು ಸಲೂನಿನವಳು ಕ್ಯಾಮೆರಾವನ್ನು ಕಿತ್ತುಕೊಂಡಳು. ಮೇಷ್ಟರು “ಬೇಡ, ಬೇಡ!” ಎಂದದ್ದು ಕೇಳಿಸಲಿಲ್ಲ. ಅದೇ ಎತ್ತರದಿಂದ, ಅಡಿ ಕೆಳಗಾಗಿಯೇ, ಎಷ್ಟೋ ಹೆಚ್ಚು ಜಾಗರೂಕತೆಯಿಂದ ಅವಳು ಬಿಟ್ಟಳು. ಸೆಲ್ಲಿನ ಬಾಗಿಲು ಹಾರಿ ಕನ್ನಡಿಗೆ ಬಡಿಯಿತು. ಎರಡು ಸೆಲ್ಲುಗಳೂ ಉರುಳಿಕೊಂಡು ಹೋಗಿ ಬೆಂಚಿನಡಿ ಸೇರಿದವು. ಮಸೂರ ಅರ್ಧ ಒಳಸರಿದು, ಅಣಕಿಸುವ ನಾಲಗೆಯಂತೆ ಸೊಟ್ಟಗೆ ನಿಂತುಬಿಟ್ಟಿತು.

ಯಾರೂ ನಗಲಿಲ್ಲ. ಅತ್ತೆಯೂ ಗೆದ್ದ ಮುಖ ಮಾಡಲಿಲ್ಲ. ಬರಿದೆ ತಲೆಯಾಡಿಸಿ, ಇನ್ನೊಂದು ಟವೆಲ್ಲು ಎತ್ತಿಕೊಂಡಳು. ಸಲೂನಿನವಳು ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ ನೋಡುತ್ತಿದ್ದಳು. ಅವು ನಿಜಕ್ಕೂ ನಡುಗುತ್ತಿದ್ದವು. ಮೇಷ್ಟರು ಹೇಳಿದರು, ಇದು ಎರಡನೆಯ ಬೀಳುವಿಕೆ. ಮೊದಲ ಪೆಟ್ಟಿಗೇ ಕೊಂಡಿ ಒಳಗೆ ಬಿರುಕು ಬಿಟ್ಟಿರುತ್ತದೆ, ಹೊರಗೆ ಕಾಣುವುದಿಲ್ಲ; ಒಡೆದವನು ನಾನು, ಅವರಲ್ಲ. ಜಡತ್ವ, ಆವೇಗ, ಪೆಟ್ಟು ತಿಂದ ವಸ್ತುವಿನ ಬಳಲಿಕೆ, ಎಲ್ಲವನ್ನೂ ಬಿಳಿ ಬಟ್ಟೆಯೊಳಗಿನಿಂದ ಕೈ ಬೀಸಿ ಬೀಸಿ ವಿವರಿಸಿದರು. ಅದು ಅವರು ಜೀವನದಲ್ಲಿ ಮಾಡಿದ ಅತ್ಯುತ್ತಮ ಪಾಠವಾಗಿತ್ತು. ಬೆಂಚಿನವರಲ್ಲೊಬ್ಬ ಆಕಳಿಸಿದ. “ಮೇಷ್ಟ್ರು ಒಳ್ಳೆಯವರು,” ಎಂದು ಅತ್ತೆ ಟವೆಲ್ಲಿಗೆ ಹೇಳಿದಳು.

ಮಾತೆಲ್ಲ ಮುಗಿದ ಮೇಲೆ ಮೇಷ್ಟರು ತಲೆಯೆತ್ತಿ ಮೇಲಿನ ಗೂಡನ್ನು ನೋಡಿದರು. ಇನ್ನೊಂದು ಪರೀಕ್ಷೆ ಬಾಕಿಯಿದೆ ಎಂಬುದು ಅವರಿಗೆ ನಿಧಾನವಾಗಿ, ಬಹಳ ಅಹಿತಕರವಾಗಿ ಹೊಳೆಯಿತು. ಅದಕ್ಕೆ ಹಾಸಿಗೆ ಇರಲಿಲ್ಲ. ಅದನ್ನು ಗೇಣುಗಳಲ್ಲಿ ಕಂತು ಮಾಡುವಂತೆಯೂ ಇರಲಿಲ್ಲ. ಅವರು ತಿರುಗಿ ಕುರ್ಚಿಯಲ್ಲಿ ಕೂತರು. ತಲೆಯನ್ನು ಹಿಂದಕ್ಕೊರಗಿಸಿ, ಗಲ್ಲವನ್ನು ಮೇಲೆತ್ತಿ, ಮಾಳಿಗೆಗೆ ಹೇಳಿದರು:

“ಗಡ್ಡ ತೆಗೀರಮ್ಮ. ಕತ್ತಿಯಿಂದ.”

“ಸಾರ್!”

“ಅಯ್ಯೋ ಮೇಷ್ಟ್ರೇ, ಬೇಡ!” ಅತ್ತೆಯ ಕೈಯ ಟವೆಲ್ಲು ಕೆಳಗೆ ಬಿತ್ತು. “ಇವಳ ಕೈ ನೋಡಿದ್ರಲ್ಲ ಈಗ ತಾನೇ? ನಾಳೆ ನಿಮ್ಮ ಹೆಂಡತಿಗೆ ಏನಂತ ಹೇಳ್ಲಿ ನಾನು?”

“ನನ್ನ ಹೆಂಡತಿ ಬೇಜಾರು ಮಾಡ್ಕೊಳ್ಳಲ್ಲ,” ಎಂದರು ಮೇಷ್ಟರು. “ನೀವು ಕತ್ತಿ ಇಳಿಸಿ.”

ಬೆಂಚಿನವರು ಪತ್ರಿಕೆ ಪೂರ್ತಿ ಮಡಿಸಿಟ್ಟರು. ಸ್ಟೂಲು ಎಳೆದ ಸದ್ದಾಯಿತು. ಅತ್ತೆಯೇ ಹತ್ತಿ, ತಡಕಾಡಿ, ಕತ್ತಿ ಇಳಿಸಿ, ಕೊಡುವ ಮೊದಲು ಒಂದು ಗಳಿಗೆ ಸೆರಗಿನಲ್ಲಿ ಹಿಡಿದುಕೊಂಡು ನಿಂತದ್ದು ಮೇಷ್ಟರಿಗೆ ಕಾಣಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಮಾಳಿಗೆಯ ಒಂದು ಕಲೆ ಮಾತ್ರ. ನೊರೆ ಬೆಚ್ಚಗೆ ಬಂದು ಕೆನ್ನೆಯ ಮೇಲೆ ಕೂತಿತು. ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುವ ಸದ್ದು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಡೆದಂತೆ ಕೇಳಿತು. ಸಲೂನಿನವಳ ಉಸಿರು ಕಿವಿಯ ಹತ್ತಿರ ಬಂತು, ನಿಂತಿತು. ಈಗಲೂ ಎದ್ದು ಹೋಗಬಹುದು. ಸಂಜೆಯ ಪುಟಕ್ಕೆ ಹೊತ್ತಾಯಿತೆನ್ನಬಹುದು. ಈ ಇಳಿವಯಸ್ಸಿನಲ್ಲಿ ತನ್ನ ಗಂಟಲಿನ ಮೌಲ್ಯಮಾಪನಕ್ಕೆ ಯಾವ ಸಂಘವೂ ತನ್ನನ್ನು ನೇಮಿಸಿಲ್ಲವಲ್ಲ. ತಣ್ಣನೆಯ ಅಂಚು ಕಿವಿಯ ಕೆಳಗೆ ತಾಗಿತು. ಮೇಷ್ಟರ ಮೈಯೆಲ್ಲ ಕುರ್ಚಿಯ ಹಿಡಿಗಳಲ್ಲಿ ಬಂದು ಸೇರಿತು. ಕತ್ತಿ ನಡುಗುತ್ತಿತ್ತು, ಅಥವಾ ನಡುಗುತ್ತಿದ್ದದ್ದು ಅವರ ಕುತ್ತಿಗೆಯೋ; ಎರಡರಲ್ಲಿ ಯಾವುದೆಂದು ಹೇಳಲು ಯಾವ ಉಪಕರಣವೂ ಅಲ್ಲಿರಲಿಲ್ಲ. ಇಬ್ಬರಲ್ಲಿ ಒಬ್ಬರು ಮೊದಲು ನಡುಗುವುದನ್ನು ನಿಲ್ಲಿಸಬೇಕಾಗಿತ್ತು. ಅವರು ಉಸಿರು ಬಿಟ್ಟರು. ಬಿಟ್ಟರೆ ಏನಾಗುತ್ತದೆಂದು ಗೊತ್ತಿಲ್ಲದೆ, ಏನಾದರೂ ಆಗಲಿ ಎಂದು, ಪೂರ್ತಿಯಾಗಿ ಬಿಟ್ಟರು. ಹಿಡಿಗಳ ಮೇಲಿನ ಬೆರಳುಗಳು ಸಡಿಲವಾದವು. ಕತ್ತಿ ಜರ್ರನೆ ಒಂದೇ ಎಳೆತದಲ್ಲಿ ಗಲ್ಲದ ತನಕ ಬಂತು, ನೊರೆ ಒರೆಸಿಕೊಂಡಿತು, ಮತ್ತೆ ಬಂತು. ಎರಡನೆಯ ಎಳೆತದಲ್ಲಿ ಅದರಲ್ಲಿ ನಡುಕವಿರಲಿಲ್ಲ. ಮೂರನೆಯದರಲ್ಲಿ ಒಂದು ಬಗೆಯ ಗತ್ತೇ ಇತ್ತು. “ಅಲುಗಬೇಡಿ ಸಾರ್,” ಎಂದಳು ಅವಳು, ಈಗ ಕೇಳುವ ದನಿಯಲ್ಲಲ್ಲ, ಹೇಳುವ ದನಿಯಲ್ಲಿ. ಕಂಠದ ಗಂಟಿನ ಸುತ್ತ, ಎಲ್ಲಕ್ಕಿಂತ ಕಷ್ಟವಾದ ಆ ತಿರುವಿನಲ್ಲಿ, ಕತ್ತಿ ಹೂವಿನ ಮೇಲೆ ಕೂತ ಹುಳದ ಹಾಗೆ ಸರಿದುಹೋಯಿತು.

ಅತ್ತೆ ಹತ್ತಿರ ಬಂದಳು. ಕಣ್ಣಿಗೆ ಕಾಣದ್ದನ್ನು ಕೈಯಿಂದ ನೋಡುವವಳಂತೆ, ಬೆರಳುಗಳ ಹಿಂಬದಿಯಿಂದ ಮೇಷ್ಟರ ಕೆನ್ನೆ, ಗಲ್ಲ, ಕುತ್ತಿಗೆಯ ಮೇಲೆಲ್ಲ ಸವರಿದಳು. ಎರಡು ಸಲ ಸವರಿದಳು. ಆಮೇಲೆ, “ಎಡಗಿವಿ ಕೆಳಗೆ ನಾಲ್ಕು ಕೂದಲು ಬಿಟ್ಟಿದ್ದಾಳೆ,” ಎಂದಳು. ಸ್ವಲ್ಪ ತಡೆದು, “ಮೊದಲಿಂದಲೂ ಅಲ್ಲಿ ಬಿಡ್ತಾಳೆ,” ಎಂದಳು. ಕತ್ತಿಯನ್ನು ವಾಪಸು ಕೇಳಲು ಅವಳು ಕೈ ಚಾಚಲಿಲ್ಲ. ಬೆಂಚಿನ ಕಡೆ ತಿರುಗಿ, “ಮುಂದಿನವರು ಯಾರು? ಬನ್ನಿ, ಎಷ್ಟು ಹೊತ್ತು ಕೂತಿರ್ತೀರಿ?” ಎಂದು ಗದರಿದಳು.

“ಇನ್ನೂ ಇವರ ಬಲಗಡೆ ತಲೆ ಬಾಕಿ ಇದೆ ಅತ್ತೆ,” ಎಂದಳು ಸೊಸೆ.

ಆ ಸಂಜೆ ಮೇಷ್ಟರು ಸಂಘದ ಕಚೇರಿಗೆ ಹೋಗಿ, ಈವರೆಗೆ ತಾವು ‘ಬೀಳುವಿಕೆ: ತೇರ್ಗಡೆ’ ಎಂದು ಬರೆದ ಒಂದೊಂದನ್ನೂ ಹೆಸರು ಹಿಡಿದು ಹಿಂತೆಗೆದುಕೊಂಡು, ಹೊಸ ಕ್ಯಾಮೆರಾ ಒಂದು ಸಲ ಬಿದ್ದರೆ ಉಳಿದೀತು, ಎರಡನೆಯ ಸಲಕ್ಕೆ ಉಳಿಯದು ಎಂದು ಬರೆದು, ಸಲೂನಿನವಳ ಕೈಗೆ ಯಾವ ದೋಷವೂ ಇಲ್ಲವೆಂಬುದನ್ನು ಪ್ರತ್ಯೇಕ ಸಾಲಾಗಿ ಸೇರಿಸಿ ಕೊಟ್ಟರು. ಮನೆಗೆ ಬಂದು ಹೆಂಡತಿಯ ಮುಂದೆ ನಿಂತು ಗಾಜಿನ ಜಗ್ಗಿನ ವಿಷಯವನ್ನೂ ಎತ್ತಿದರು. ಅವಳು ಹೇಳಿಸಿಕೊಂಡು, “ಇದನ್ನ ಪೈಪಿನವನಿಗೂ ಫೋನ್ ಮಾಡಿ ಹೇಳಿ,” ಎಂದಳು. ಹೇಳಿದರು. ಪುಟವನ್ನು ಅಚ್ಚು ಹಾಕಬೇಕೋ ಬೇಡವೋ ಎಂದು ಸಂಪಾದಕರು ಇನ್ನೂ ಯೋಚಿಸುತ್ತಿದ್ದಾರೆ, ಪತ್ರಿಕೆಯ ಮರ್ಯಾದೆಯ ಪ್ರಶ್ನೆಯಂತೆ. ನೀವು ಯೋಚಿಸುತ್ತಾ ಕೂರಬೇಡಿ. ನಿಮ್ಮ ಒಂದು ಹಗುರ ಮಾತನ್ನು ನಂಬಿ ತನ್ನನ್ನೇ ಅನುಮಾನಿಸುತ್ತಿರುವವರು ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಯಾರೆಂದು ನಿಮಗೆ ಗೊತ್ತು. ಈ ಪುಟವನ್ನು ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಈಗಲೇ ಅವರ ಬಾಗಿಲು ತಟ್ಟಿ. ‘ನಾನು ನೋಡದೆ ಹೇಳಿದ್ದೆ, ನೀವು ಸರಿಯಾಗಿಯೇ ಇದ್ದೀರಿ’ ಎಂದು ಬಾಯಿಬಿಟ್ಟು ಹೇಳಿ ಬನ್ನಿ.